ಮೊದಲ ಉಪಗ್ರಹ: ಅನುಭವವಿಲ್ಲದ ದೇಶ ಎಲ್ಲಿಂದ ಶುರು ಮಾಡಬೇಕು

ಬಾಹ್ಯಾಕಾಶ ಕಾರ್ಯಕ್ರಮ ಬೇಕೆಂದು ತೀರ್ಮಾನಿಸಿದ ದೇಶಗಳು ಬಹಳಷ್ಟು ಸಲ ಮೊದಲು ಮಾಡುವ ಕೆಲಸ ಸಂಸ್ಥೆಗೆ ಹೆಸರಿಡುವುದು, ಲಾಂಛನ ಬರೆಸುವುದು, ಕಟ್ಟಡಕ್ಕೆ ಅಡಿಗಲ್ಲು ಹಾಕುವುದು. ಕೂಸು ಹುಟ್ಟುವ ಮುಂಚೆ ಕುಲಾವಿ. ಹೊಲಿಸಿದ ಕುಲಾವಿ ಹಾಗೇ ಇರಲಿ, ಕೂಸಿನ ಕಡೆ ಗಮನ ಕೊಡೋಣ. ಹತ್ತು ಜನರ ತಂಡ, ಎರಡರಿಂದ ಎರಡೂವರೆ ವರ್ಷ, ಒಂದು ಚಿಕ್ಕ ಕ್ಯೂಬ್‌ಸ್ಯಾಟ್ (ಸುಮಾರು ಹತ್ತು ಸೆಂಟಿಮೀಟರಿನ ಪೆಟ್ಟಿಗೆಯಷ್ಟಿರುವ ಉಪಗ್ರಹ): ಇಲ್ಲಿ ಹೇಳುವುದು ಇಷ್ಟರ ಬಗ್ಗೆ.

ಮೊದಲ ಉಪಗ್ರಹದಿಂದ ದೊರೆಯಬೇಕಾದ ಫಲ ಒಂದೇ: ಎರಡನೆಯದನ್ನು ಯಾರ ಕೈಯನ್ನೂ ಹಿಡಿಯದೆ ಕಟ್ಟಬಲ್ಲ ತಂಡ. ಕೆಳಗಿನ ಪ್ರತಿಯೊಂದು ಆಯ್ಕೆಯನ್ನೂ ಈ ಒಂದು ಅಳತೆಗೋಲಿಟ್ಟು ನೋಡಿ.

ಮೊದಲು ಬೇರೆಯವರ ಉಪಗ್ರಹ ಬಳಸಿ

ಸ್ವಂತ ಉಪಗ್ರಹಕ್ಕಿಂತ ಮುಂಚೆ ಅದರ ಮಾಹಿತಿಯನ್ನು ಬಳಸುವವರು ಬೇಕು. ಅಮೆರಿಕದ ಲ್ಯಾಂಡ್‌ಸ್ಯಾಟ್ ಚಿತ್ರಸಂಗ್ರಹ 2008ರಿಂದ ಎಲ್ಲರಿಗೂ ಉಚಿತ. ಯುರೋಪಿನ ಸೆಂಟಿನೆಲ್-2 ಚಿತ್ರಗಳು 10 ಮೀಟರ್ ಸ್ಪಷ್ಟತೆಯಲ್ಲಿ ಉಚಿತವಾಗಿಯೇ ಸಿಗುತ್ತವೆ. ಕೃಷಿ, ನೀರಾವರಿ, ಅರಣ್ಯ ಇಲಾಖೆಗಳಿಂದ ಇಬ್ಬಿಬ್ಬರನ್ನು ಕರೆದು ಆರು ತಿಂಗಳು ಈ ಚಿತ್ರಗಳ ಮೇಲೆ ಕೆಲಸ ಮಾಡಿಸಿ. ಕೊನೆಗೆ ಅವರು ಒಂದು ಪಟ್ಟಿ ಕೊಡಬೇಕು: ಉಚಿತ ಚಿತ್ರಗಳಿಂದ ಆಗದ ಕೆಲಸ ಯಾವುದು? ಪಟ್ಟಿ ಖಾಲಿ ಬಂದರೆ ಕ್ಯಾಮೆರಾ ಉಪಗ್ರಹ ಬೇಕಿಲ್ಲ ಎಂದರ್ಥ.

ಭಾರತ ನಡೆದದ್ದೂ ಇದೇ ದಾರಿಯಲ್ಲಿ. ಸ್ವಂತ ಸಂಪರ್ಕ ಉಪಗ್ರಹ ಇರುವ ಮೊದಲೇ, 1975-76ರಲ್ಲಿ ನಾಸಾದ ಎಟಿಎಸ್-6 ಉಪಗ್ರಹವನ್ನು ಒಂದು ವರ್ಷ ಎರವಲು ಪಡೆದು ಸುಮಾರು 2,400 ಹಳ್ಳಿಗಳಿಗೆ ಟಿವಿ ಕಾರ್ಯಕ್ರಮ ತಲುಪಿಸಿತು. ಹಳ್ಳಿಯ ಡಿಶ್ ಆಂಟೆನಾ ರಿಪೇರಿಯಿಂದ ಹಿಡಿದು ಕಾರ್ಯಕ್ರಮ ತಯಾರಿಕೆಯವರೆಗೆ ಎಲ್ಲಿ ತೊಡಕು ಬರುತ್ತದೆ ಎಂಬುದು ಇನ್ಸಾಟ್ ಬರುವ ಹೊತ್ತಿಗೆ ಗೊತ್ತಾಗಿತ್ತು.

ಕಾಗದದ ಕೆಲಸವೇ ಉದ್ದದ ಕೆಲಸ

ಉಪಗ್ರಹ ಸಿದ್ಧವಾಗಿ ಪೆಟ್ಟಿಗೆಯಲ್ಲಿ ಕುಳಿತಿರುತ್ತದೆ, ರೇಡಿಯೋ ಪರವಾನಗಿ ಬಂದಿರುವುದಿಲ್ಲ. ಹೊಸಬರಲ್ಲಿ ಪದೇ ಪದೇ ಕಾಣುವ ತಪ್ಪು ಇದು. ಹಾಗಾಗಿ ವಿನ್ಯಾಸ ಶುರುವಾದ ತಿಂಗಳೇ ಇದನ್ನೂ ಶುರು ಮಾಡಿ.

ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟಕ್ಕೆ, ಅಂದರೆ ಐಟಿಯುಗೆ, ಅರ್ಜಿ ಸಲ್ಲಿಸಲು ವಿಶ್ವವಿದ್ಯಾಲಯಕ್ಕಾಗಲಿ ಕಂಪನಿಗಾಗಲಿ ಅಧಿಕಾರವಿಲ್ಲ. ದೇಶದ ದೂರಸಂಪರ್ಕ ಆಡಳಿತವೇ ಸಲ್ಲಿಸಬೇಕು. ಆ ಕಚೇರಿಯಲ್ಲಿ ಉಪಗ್ರಹದ ಅರ್ಜಿಯನ್ನು ಹಿಂದೆ ತುಂಬಿದವರು ಯಾರೂ ಇರದಿರುವ ಸಾಧ್ಯತೆಯೇ ಹೆಚ್ಚು. ತಂಡದ ಒಬ್ಬರನ್ನು ಪೂರ್ತಿಯಾಗಿ ಇದಕ್ಕೇ ಬಿಡಿ. ಮೊದಲು ಮುಂಗಡ ಪ್ರಕಟಣೆಯ ಮಾಹಿತಿ, ಅಂದರೆ ಯಾವ ತರಂಗಾಂತರ ಬಳಸಲಿದ್ದೇವೆ ಎಂಬ ವಿವರ, ಹೋಗಬೇಕು. ಅದು ಪ್ರಕಟವಾದ ಮೇಲೆ ಬೇರೆ ದೇಶಗಳಿಗೆ ಆಕ್ಷೇಪ ಹೇಳಲು ನಾಲ್ಕು ತಿಂಗಳ ಅವಕಾಶವಿರುತ್ತದೆ. ಆಮೇಲೆ ಅಂತಿಮ ಅಧಿಸೂಚನೆ. ಅರ್ಜಿ ಕೊಟ್ಟ ದಿನದಿಂದ ಏಳು ವರ್ಷದೊಳಗೆ ಆ ತರಂಗಾಂತರವನ್ನು ಬಳಕೆಗೆ ತರಬೇಕು, ಇಲ್ಲವಾದರೆ ಹಕ್ಕು ಹೋಗುತ್ತದೆ.

ಹವ್ಯಾಸಿ ರೇಡಿಯೋದ 435ರಿಂದ 438 ಮೆಗಾಹರ್ಟ್ಸ್ ತರಂಗಾಂತರ ಪಟ್ಟಿ (ಬ್ಯಾಂಡ್) ಸುಲಭವಾಗಿ ಸಿಗುತ್ತದೆ ಎಂದು ಎಲ್ಲರೂ ಅಲ್ಲಿಗೇ ಓಡುತ್ತಾರೆ. ಅದಕ್ಕೆ ಐಟಿಯು ಅರ್ಜಿಯ ಜೊತೆಗೆ ಹವ್ಯಾಸಿಗಳ ಅಂತರರಾಷ್ಟ್ರೀಯ ಒಕ್ಕೂಟ ಐಎಆರ್‌ಯುವಿನ ಹೊಂದಾಣಿಕೆಯೂ ಬೇಕು. ಉದ್ದೇಶ ನಿಜಕ್ಕೂ ಹವ್ಯಾಸಿ ಪ್ರಯೋಗವಾಗಿರಬೇಕು, ಇಳಿಸುವ ಸಂಕೇತವನ್ನು ಗುಟ್ಟಾಗಿ ಇಡುವಂತಿಲ್ಲ. ಇಲಾಖೆಯೊಂದಕ್ಕೆ ಗಡಿಯ ಚಿತ್ರ ಬೇಕಿದ್ದರೆ ಇದು ತಪ್ಪು ಪಟ್ಟಿ. ಭೂವೀಕ್ಷಣೆಗೆಂದೇ ಇರುವ 8,025ರಿಂದ 8,400 ಮೆಗಾಹರ್ಟ್ಸ್‌ನ ಎಕ್ಸ್-ಬ್ಯಾಂಡ್‌ಗೆ ಹೋಗಿ.

ಇನ್ನು ಕಾನೂನು. 1967ರ ಬಾಹ್ಯಾಕಾಶ ಒಪ್ಪಂದದ ಆರನೇ ವಿಧಿಯ ಪ್ರಕಾರ ಖಾಸಗಿಯವರು ಹಾರಿಸಿದರೂ ಹೊಣೆ ದೇಶದ್ದೇ. 1972ರ ಹೊಣೆಗಾರಿಕೆ ಒಪ್ಪಂದ ಇನ್ನೂ ಬಿಗಿ: ನೆಲದ ಮೇಲೆ ಹಾನಿಯಾದರೆ ತಪ್ಪು ಯಾರದೆಂದು ಕೇಳುವ ಪ್ರಶ್ನೆಯೇ ಇಲ್ಲ, ಉಡಾಯಿಸಿದ ದೇಶ ಕೊಡಬೇಕು. ಕಾಗದದ ಮೇಲಷ್ಟೇ ಇರುವ ಮಾತಲ್ಲ ಇದು. 1978ರಲ್ಲಿ ಸೋವಿಯತ್ ಒಕ್ಕೂಟದ ಕಾಸ್ಮೋಸ್ 954 ಕೆನಡಾದ ಮೇಲೆ ಬಿದ್ದಾಗ ಕೆನಡಾ ಪರಿಹಾರ ಕೇಳಿತು. 1981ರಲ್ಲಿ 30 ಲಕ್ಷ ಕೆನಡಾ ಡಾಲರಿಗೆ ಒಪ್ಪಂದವಾಯಿತು. ಇನ್ನೊಬ್ಬರ ರಾಕೆಟ್ಟಿನಲ್ಲಿ ಕಳಿಸಿದರೂ ಕಳಿಸಿಕೊಟ್ಟ ದೇಶ ‘ಉಡಾವಣಾ ದೇಶ’ದ ಪಟ್ಟಿಯಲ್ಲೇ ಬರುತ್ತದೆ. ಆದ್ದರಿಂದ ನಾಲ್ಕೈದು ಪುಟದ್ದಾದರೂ ಸರಿ, ಪರವಾನಗಿ, ವಿಮೆ ಮತ್ತು ನೋಂದಣಿಯ ಬಗ್ಗೆ ಒಂದು ರಾಷ್ಟ್ರೀಯ ನಿಯಮ ಮಾಡಿಕೊಳ್ಳಿ.

ಯಾರ ಜೊತೆ ಕಟ್ಟುವುದು

ಎರಡು ದಾರಿಗಳಿವೆ. ಒಂದು, ಹಣ ಕೊಟ್ಟು ಸಿದ್ಧ ಉಪಗ್ರಹ ಕೊಳ್ಳುವುದು. ಇನ್ನೊಂದು, ಕಟ್ಟುವುದನ್ನು ಕಲಿಸಿ ಎಂದು ಕೇಳುವುದು.

ಮೊದಲ ದಾರಿಯ ತೊಂದರೆ ಉಪಗ್ರಹ ಕೆಟ್ಟಾಗ ತಿಳಿಯುತ್ತದೆ. ನೈಜೀರಿಯಾ 2007ರಲ್ಲಿ ಹಾರಿಸಿದ ನಿಗ್‌ಕಾಮ್‌ಸ್ಯಾಟ್-1 ಮರುವರ್ಷವೇ ವಿದ್ಯುತ್ ದೋಷದಿಂದ ನಿಂತಿತು. ಬದಲಿ ಕಕ್ಷೆಗೆ ಹೋಗಿದ್ದು 2011ರ ಡಿಸೆಂಬರಿನಲ್ಲಿ. ಅಂಗೋಲಾದ ಅಂಗೋಸ್ಯಾಟ್-1 2017ರ ಡಿಸೆಂಬರಿನಲ್ಲಿ ಮೇಲೆ ಹೋಯಿತು, ಸೇವೆಗೆ ಬರಲೇ ಇಲ್ಲ. ಅಂಗೋಸ್ಯಾಟ್-2ಕ್ಕೆ 2022ರ ಅಕ್ಟೋಬರ್‌ವರೆಗೆ ಕಾಯಬೇಕಾಯಿತು. ಬದಲಿ ಉಪಗ್ರಹ ಸಿಕ್ಕಿತು, ಸರಿ. ನಡುವಿನ ವರ್ಷಗಳು ಯಾವ ಒಪ್ಪಂದದಿಂದಲೂ ವಾಪಸು ಬರುವುದಿಲ್ಲ.

ಎರಡನೆಯ ದಾರಿಗೆ ದಕ್ಷಿಣ ಕೊರಿಯಾಕ್ಕಿಂತ ಒಳ್ಳೆಯ ಮಾದರಿ ಇಲ್ಲ. 1989ರಲ್ಲಿ ಕೈಸ್ಟ್ ವಿಶ್ವವಿದ್ಯಾಲಯ ತನ್ನ ವಿದ್ಯಾರ್ಥಿಗಳನ್ನು ಬ್ರಿಟನ್ನಿನ ಸರ್ರೆ ವಿಶ್ವವಿದ್ಯಾಲಯಕ್ಕೆ ಕಳಿಸಲು ಶುರು ಮಾಡಿತು. ಅವರು ಅಲ್ಲಿನವರೊಂದಿಗೆ ಸೇರಿ ಕಟ್ಟಿದ ಸುಮಾರು 50 ಕಿಲೋದ ಕಿಟ್‌ಸ್ಯಾಟ್-1 1992ರ ಆಗಸ್ಟಿನಲ್ಲಿ ಹಾರಿತು. ಮರುವರ್ಷ ಸೆಪ್ಟೆಂಬರಿನಲ್ಲಿ ಹಾರಿದ ಕಿಟ್‌ಸ್ಯಾಟ್-2 ಕೊರಿಯಾದಲ್ಲೇ ಜೋಡಣೆಯಾಗಿತ್ತು. ಅದೇ ಇಂಜಿನಿಯರುಗಳು ಮುಂದೆ ಕಟ್ಟಿದ ಸ್ಯಾಟ್‌ರೆಕ್ ಇನಿಷಿಯೇಟಿವ್ ಕಂಪನಿ ದುಬೈಸ್ಯಾಟ್-1ರಲ್ಲಿ ಎಮಿರೇಟ್ಸ್ ಇಂಜಿನಿಯರುಗಳಿಗೆ ಕಲಿಸಿತು. 2018ರಲ್ಲಿ ಹಾರಿದ ಖಲೀಫಾಸ್ಯಾಟನ್ನು ಎಮಿರೇಟ್ಸ್‌ನವರು ದುಬೈಯಲ್ಲೇ ಕಟ್ಟಿದರು. ಇಲ್ಲಿ ಗಮನಿಸಬೇಕಾದದ್ದು ಎರಡು ಕಿಟ್‌ಸ್ಯಾಟ್‌ಗಳ ನಡುವಿನ ಹದಿಮೂರು ತಿಂಗಳ ಅಂತರ. ಐದು ವರ್ಷ ಕಾದಿದ್ದರೆ ತಂಡ ಚೆದುರಿ ಹೋಗುತ್ತಿತ್ತು.

ಇಂದು ಬಾಗಿಲುಗಳು ಹೆಚ್ಚಿವೆ. ಜಪಾನಿನ ಕ್ಯೂಶು ತಾಂತ್ರಿಕ ಸಂಸ್ಥೆಯ ಬರ್ಡ್ಸ್ ಯೋಜನೆಯಲ್ಲಿ ಘಾನಾ, ಮಂಗೋಲಿಯಾ, ಬಾಂಗ್ಲಾದೇಶ, ಭೂತಾನ್, ನೇಪಾಳ, ಶ್ರೀಲಂಕಾ, ಪರಾಗ್ವೆ, ಉಗಾಂಡಾ, ಜಿಂಬಾಬ್ವೆಗಳ ವಿದ್ಯಾರ್ಥಿಗಳು ತಂತಮ್ಮ ದೇಶದ ಮೊದಲ ಉಪಗ್ರಹ ಕಟ್ಟಿದ್ದಾರೆ. ವಿಶ್ವಸಂಸ್ಥೆ ಮತ್ತು ಜಪಾನಿನ ಬಾಹ್ಯಾಕಾಶ ಸಂಸ್ಥೆ ಜಾಕ್ಸಾ ಸೇರಿ 2015ರಲ್ಲಿ ಆರಂಭಿಸಿದ ಕಿಬೋಕ್ಯೂಬ್ ಯೋಜನೆ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದಿಂದ ಉಚಿತವಾಗಿ ಬಿಡುಗಡೆ ಮಾಡಿಕೊಡುತ್ತದೆ. ಕೀನ್ಯಾ, ಗ್ವಾಟೆಮಾಲಾ, ಮಾರಿಷಸ್ ಈ ದಾರಿಯಲ್ಲೇ ಬಂದವು. ಇಸ್ರೋದ ಉನ್ನತಿ ತರಬೇತಿಯಲ್ಲಿ ಹೊರದೇಶದ ಇಂಜಿನಿಯರುಗಳು ಬೆಂಗಳೂರಿನಲ್ಲಿ ನ್ಯಾನೋ ಉಪಗ್ರಹ ಜೋಡಿಸುವುದನ್ನು ಕಲಿತಿದ್ದಾರೆ.

ಯಾರೊಂದಿಗೆ ಹೋದರೂ ಒಪ್ಪಂದದಲ್ಲಿ ಮೂರು ಮಾತು ಬರೆದಿರಲಿ. ಸರ್ಕ್ಯೂಟ್ ನಕ್ಷೆ ಮತ್ತು ಸಾಫ್ಟ್‌ವೇರಿನ ಮೂಲ ಕೋಡ್ ನಮಗೆ ಬರಬೇಕು. ಪರೀಕ್ಷೆಯ ಪ್ರತಿ ಹಂತದಲ್ಲೂ ನಮ್ಮವರ ಕೈ ಇರಬೇಕು, ನೋಡುತ್ತ ನಿಲ್ಲುವುದಲ್ಲ. ಹಾರುವ ಉಪಗ್ರಹದ ತದ್ರೂಪಾದ ಇಂಜಿನಿಯರಿಂಗ್ ಮಾದರಿ ನಮ್ಮ ದೇಶಕ್ಕೆ ಬರಬೇಕು. ಮೂರನೆಯದನ್ನು ಖರ್ಚು ಉಳಿಸಲು ಕೈಬಿಡುವವರು ಹೆಚ್ಚು; ಮೇಲಿನದಕ್ಕೆ ರೋಗ ಬಂದಾಗ ನೆಲದಲ್ಲಿ ಅದೇ ರೋಗ ಬರಿಸಿ ನೋಡಲು ಬೇರೆ ದಾರಿಯಿಲ್ಲ.

ಒಂದು ಯೂನಿಟ್ಟಿನಲ್ಲಿ ಏನು ಹಿಡಿಯುತ್ತದೆ

ಕ್ಯೂಬ್‌ಸ್ಯಾಟ್ ಮಾನಕ 1999ರಲ್ಲಿ ಅಮೆರಿಕದ ಎರಡು ವಿಶ್ವವಿದ್ಯಾಲಯಗಳಲ್ಲಿ ಹುಟ್ಟಿದ್ದು. ಒಂದು ಯೂನಿಟ್ ಎಂದರೆ 100 × 100 × 113.5 ಮಿಲಿಮೀಟರ್. ತೂಕದ ಮಿತಿ ಹಿಂದೆ 1.33 ಕಿಲೋ ಇತ್ತು, ಈಗಿನ ಮಾನಕ 2 ಕಿಲೋವರೆಗೂ ಬಿಡುತ್ತದೆ. ಮೂಲೆಯ ನಾಲ್ಕು ಹಳಿಗಳು ಹಾರ್ಡ್ ಆನೊಡೈಸ್ ಮಾಡಿದ, ಅಂದರೆ ಮೇಲ್ಮೈಗೆ ಗಟ್ಟಿ ಆಕ್ಸೈಡ್ ಪದರ ಬರಿಸಿದ, ಅಲ್ಯೂಮಿನಿಯಮ್ಮಿನವಾಗಿರಬೇಕು. ಬರಿ ಅಲ್ಯೂಮಿನಿಯಂ ಆದರೆ ನಿರ್ವಾತದಲ್ಲಿ, ಉಪಗ್ರಹವನ್ನು ಹೊತ್ತೊಯ್ದು ಹೊರತಳ್ಳುವ ಬಿಡುಗಡೆ ಪೆಟ್ಟಿಗೆಗೆ ಅಂಟಿಕೊಳ್ಳುವ ಅಪಾಯವಿದೆ.

ಮೊದಲು ವಿದ್ಯುತ್ತಿನ ಲೆಕ್ಕ. ಸುಮಾರು 30 ಚದರ ಸೆಂಟಿಮೀಟರಿನ ತ್ರಿಪದರ ಸೌರಕೋಶ ನೇರ ಬಿಸಿಲಿನಲ್ಲಿ 1.2 ವ್ಯಾಟ್ ಕೊಡುತ್ತದೆ; ಒಂದು ಮುಖಕ್ಕೆ ಎರಡು ಹಿಡಿಯುತ್ತವೆ. ಐದು ಮುಖಗಳಿಗೆ ಹಾಕಿ, ಉಪಗ್ರಹ ಹೇಗೆಂದರೆ ಹಾಗೆ ಉರುಳುತ್ತಿದೆ ಎಂದುಕೊಂಡರೆ ಬಿಸಿಲಿನಲ್ಲಿ ಸರಾಸರಿ 3 ವ್ಯಾಟ್. 93 ನಿಮಿಷದ ಸುತ್ತಿನಲ್ಲಿ ಸುಮಾರು 36 ನಿಮಿಷ ಭೂಮಿಯ ನೆರಳು. ಪರಿವರ್ತನೆಯ ನಷ್ಟವನ್ನೂ ಕಳೆದರೆ ಕೈಗೆ ಬರುವುದು ಒಂದೂವರೆ ವ್ಯಾಟ್. ಕಂಪ್ಯೂಟರ್ ಮತ್ತು ಸದಾ ಕಿವಿ ತೆರೆದಿರಬೇಕಾದ ರಿಸೀವರ್ ಸೇರಿ 0.7 ವ್ಯಾಟ್ ತಿನ್ನುತ್ತವೆ. 1 ವ್ಯಾಟ್ ಹೊರಸೂಸುವ ಟ್ರಾನ್ಸ್‌ಮಿಟರ್ ಒಳಗೆ ಎಳೆಯುವುದು 4 ವ್ಯಾಟಿನಷ್ಟು. ಆದ್ದರಿಂದ ಅದು ನಿಮಿಷಕ್ಕೊಮ್ಮೆ ಚಿಕ್ಕ ಬೀಕನ್ (ನಾನಿಲ್ಲಿದ್ದೇನೆ ಎಂಬ ಸಂಕೇತ) ಕೂಗಬಹುದು, ನಿರಂತರ ಮಾತಾಡಲಾರದು. ಈ ಲೆಕ್ಕದಲ್ಲಿ ನೂರಕ್ಕೆ 30ರಷ್ಟು ಉಳಿಕೆ ಕಾಣದಿದ್ದರೆ ಪ್ರಯೋಗವೊಂದನ್ನು ಕಿತ್ತುಹಾಕಿ. ಮೂಗಿಗಿಂತ ಮೂಗುತಿ ಭಾರವಾದ ಉಪಗ್ರಹಗಳು ಮೊದಲ ವಾರವೇ ಬ್ಯಾಟರಿ ಬರಿದು ಮಾಡಿಕೊಂಡು ಮಲಗುತ್ತವೆ. ಭಾರತದ ಆರ್ಯಭಟವೂ 1975ರಲ್ಲಿ ಕೆಲವೇ ದಿನಗಳಲ್ಲಿ ಪ್ರಯೋಗಗಳನ್ನು ನಿಲ್ಲಿಸಬೇಕಾದದ್ದು ವಿದ್ಯುತ್ ಪೂರೈಕೆಯ ದೋಷದಿಂದಲೇ.

ಬ್ಯಾಟರಿಗೆ ‘18650’ ಎಂಬ ಅಳತೆಯ ಎರಡು ಲಿಥಿಯಂ ಕೋಶ ಸಾಕು. ದಿನಕ್ಕೆ ಹದಿನೈದಕ್ಕೂ ಹೆಚ್ಚು ಸುತ್ತು, ವರ್ಷಕ್ಕೆ 5,600 ಚಾರ್ಜ್-ಡಿಸ್‌ಚಾರ್ಜ್. ಹಾಗಾಗಿ ಪ್ರತಿ ಸುತ್ತಿನಲ್ಲಿ ನೂರಕ್ಕೆ 20ಕ್ಕಿಂತ ಹೆಚ್ಚು ಖಾಲಿ ಮಾಡಬೇಡಿ. ಸೊನ್ನೆ ಡಿಗ್ರಿಗಿಂತ ಕೆಳಗೆ ಚಾರ್ಜ್ ಮಾಡಿದರೆ ಒಳಗೆ ಲಿಥಿಯಂ ಲೋಹ ಕಟ್ಟಿಕೊಂಡು ಕೋಶ ಹಾಳಾಗುತ್ತದೆ, ಅದಕ್ಕೆ ಚಿಕ್ಕ ಹೀಟರ್ ಬೇಕು.

ಆಮೇಲೆ ಕ್ಯಾಮೆರಾ. ಮಂತ್ರಿಗಳಿಗೆ ರಸ್ತೆಯ ಮೇಲಿನ ಕಾರು ಕಾಣಬೇಕೆಂಬ ಆಸೆ ಇರುತ್ತದೆ. ಭೌತಶಾಸ್ತ್ರ ಒಪ್ಪುವುದಿಲ್ಲ: 500 ಕಿಲೋಮೀಟರ್ ಎತ್ತರದಿಂದ 1 ಮೀಟರ್ ಸ್ಪಷ್ಟತೆ ಬೇಕೆಂದರೆ ಮಸೂರದ ಬಾಯಿ ಸುಮಾರು 33 ಸೆಂಟಿಮೀಟರ್ ಇರಬೇಕು, ಉಪಗ್ರಹದ ಅಗಲವೇ 10. ಎತ್ತರವನ್ನು ಪಿಕ್ಸೆಲ್ ಅಳತೆಯಿಂದ ಗುಣಿಸಿ ನಾಭಿದೂರದಿಂದ ಭಾಗಿಸಿದರೆ ನೆಲದ ಮೇಲಿನ ಒಂದು ಪಿಕ್ಸೆಲ್ ಎಷ್ಟೆಂದು ಸಿಗುತ್ತದೆ. 400 ಕಿಲೋಮೀಟರ್, 3.45 ಮೈಕ್ರಾನ್, 35 ಮಿಲಿಮೀಟರ್ ಮಸೂರ: ಬರುವುದು 39 ಮೀಟರ್. ಸೆಂಟಿನೆಲ್‌ನ ಉಚಿತ ಚಿತ್ರಕ್ಕಿಂತ ನಾಲ್ಕು ಪಟ್ಟು ಒರಟು. ಅದನ್ನು ಇಳಿಸುವುದೂ ಸುಲಭವಲ್ಲ: ಸೆಕೆಂಡಿಗೆ 9,600 ಬಿಟ್ ವೇಗದಲ್ಲಿ, ಅರ್ಧ ಕಾಲ ಮರುಪ್ರಯತ್ನಕ್ಕೆ ಹೋದರೆ, 500 ಕಿಲೋಬೈಟಿನ ಒಂದು ಚಿತ್ರಕ್ಕೆ 14 ನಿಮಿಷ ಬೇಕು, ಉಪಗ್ರಹ ಒಂದು ಸಲ ಭೂಕೇಂದ್ರದ ಮೇಲೆ ಹಾದುಹೋಗುವಾಗ ಸಿಗುವುದು ಹೆಚ್ಚೆಂದರೆ ಹತ್ತು ನಿಮಿಷ.

ನಮ್ಮ ಅಭಿಪ್ರಾಯದಲ್ಲಿ ಮೊದಲ ಉಪಗ್ರಹಕ್ಕೆ ಕ್ಯಾಮೆರಾಕ್ಕಿಂತ ಸಂಗ್ರಹಿಸಿ ರವಾನಿಸುವ ರೇಡಿಯೋ ಒಳ್ಳೆಯ ಹೊರೆ (ಪೇಲೋಡ್, ಉಪಗ್ರಹ ಹೊತ್ತೊಯ್ಯುವ ಉಪಕರಣ). ದೂರದ ನದಿ ಮಟ್ಟದ ಮಾಪಕವೋ ಮಳೆ ಮಾಪಕವೋ ಕಳಿಸುವ ಕೆಲವೇ ಬೈಟುಗಳನ್ನು ಮೇಲಿಂದ ಹಿಡಿದು ಕೇಂದ್ರಕ್ಕೆ ಇಳಿಸುತ್ತದೆ. ವಿದ್ಯುತ್ ಕಡಿಮೆ, ಉಪಗ್ರಹ ಇಂಥದ್ದೇ ದಿಕ್ಕಿಗೆ ಮುಖ ಮಾಡಬೇಕೆಂದಿಲ್ಲ, ನೀರಾವರಿ ಇಲಾಖೆಗೆ ನಿಜವಾದ ಉಪಯೋಗ. ಪತ್ರಿಕೆಯ ಮುಖಪುಟಕ್ಕೆ ಮಾತ್ರ ಏನೂ ಸಿಗುವುದಿಲ್ಲ.

ಎಲ್ಲಿ ಕೈಕೊಡುತ್ತದೆ

ಆಂಟೆನಾ. 437 ಮೆಗಾಹರ್ಟ್ಸಿಗೆ ಕಾಲು ತರಂಗದ ಉದ್ದ 17 ಸೆಂಟಿಮೀಟರ್. 10 ಸೆಂಟಿಮೀಟರ್ ಪೆಟ್ಟಿಗೆಯಲ್ಲಿ ಮಡಚಿಡಬೇಕು. ಅಳತೆ ಟೇಪಿನ ಉಕ್ಕಿನ ಪಟ್ಟಿಯನ್ನು ಸುತ್ತಿ, ಸಣ್ಣ ದಾರದಿಂದ ಕಟ್ಟಿ, ಕಕ್ಷೆಯಲ್ಲಿ ಬಿಸಿ ತಂತಿಯಿಂದ ದಾರ ಸುಡುವುದು ರೂಢಿ. ಕೋಣೆಯ ಗಾಳಿಯಲ್ಲಿ ಸುಟ್ಟ ದಾರ ಚಳಿಯ ನಿರ್ವಾತದಲ್ಲೂ ಸುಡುತ್ತದೆಂದು ನಂಬಬೇಡಿ. ನಿರ್ವಾತ ಕೋಣೆಯಲ್ಲಿ, ಅತಿ ಚಳಿಯಲ್ಲಿ, ಅರ್ಧ ಖಾಲಿ ಬ್ಯಾಟರಿಯಲ್ಲಿ ಸುಟ್ಟು ನೋಡಿ. ಎರಡು ತಂತಿ ಇಡಿ. ಬಿಚ್ಚಿತೆಂದು ಸ್ವಿಚ್ ಹೇಳುವವರೆಗೆ ಸಾಫ್ಟ್‌ವೇರ್ ಮತ್ತೆ ಮತ್ತೆ ಪ್ರಯತ್ನಿಸಲಿ. ಸ್ವಿಚ್ಚೇ ಸುಳ್ಳು ಹೇಳಬಹುದು, ಆದ್ದರಿಂದ ನೆಲದಿಂದ ಆಜ್ಞೆ ಕೊಟ್ಟೂ ಸುಡುವಂತಿರಲಿ. ಮಾನಕದ ಪ್ರಕಾರ ಬಿಡುಗಡೆಯಾಗಿ 30 ನಿಮಿಷ ಕಳೆಯುವವರೆಗೆ ಏನನ್ನೂ ಬಿಚ್ಚಬಾರದು, 45 ನಿಮಿಷದವರೆಗೆ ಸಂಕೇತ ಹೊರಡಬಾರದು. ನಿಮ್ಮ ಉಡಾವಣಾ ದಾಖಲೆಯಲ್ಲಿ ಬೇರೆ ಅಂಕಿ ಇದ್ದರೆ ಅದೇ ಅಂತಿಮ.

ಕಂಪ್ಯೂಟರ್ ಸ್ತಬ್ಧವಾಗುವುದು ಎರಡನೆಯದು. ದಕ್ಷಿಣ ಅಟ್ಲಾಂಟಿಕ್ ವಲಯದ ಮೇಲೆ ಹಾದುಹೋಗುವಾಗ ವಿಕಿರಣ ಕಣಗಳು ಮೆಮೊರಿಯ ಬಿಟ್ಟನ್ನು ತಿರುಗಿಸುತ್ತವೆ, ಕೆಲವೊಮ್ಮೆ ಚಿಪ್ಪಿನೊಳಗೆ ಶಾರ್ಟ್ ಮಾಡಿಸುತ್ತವೆ. ಕಂಪ್ಯೂಟರ್ ಸ್ತಬ್ಧವಾದರೆ ಅದನ್ನು ರೀಸೆಟ್ ಮಾಡಲು ಅದರ ಹೊರಗೆ ಒಂದು ವಾಚ್‌ಡಾಗ್ ಟೈಮರ್, ಪ್ರತಿ ವಿದ್ಯುತ್ ಸಾಲಿಗೂ ಹೆಚ್ಚು ಪ್ರವಾಹ ಬಂದರೆ ಕಡಿಯುವ ಸ್ವಿಚ್, 72 ಗಂಟೆ ನೆಲದಿಂದ ಮಾತು ಬರದಿದ್ದರೆ ಎಲ್ಲವನ್ನೂ ಆರಿಸಿ ಮತ್ತೆ ಹೊತ್ತಿಸುವ ವ್ಯವಸ್ಥೆ: ಈ ಮೂರೂ ಬೇಕೇ ಬೇಕು.

ಮೂರನೆಯದು ಯಾರಿಗೂ ಹೊಳೆಯದ್ದು. ಒಪ್ಪಿಸಿದ ಮೇಲೆ ಉಪಗ್ರಹ ಬಿಡುಗಡೆ ಪೆಟ್ಟಿಗೆಯಲ್ಲಿ ತಿಂಗಳುಗಟ್ಟಲೆ ಕುಳಿತಿರುತ್ತದೆ. ಆರಿದ ಸ್ಥಿತಿಯಲ್ಲಿ 1 ಮಿಲಿಆಂಪಿಯರ್ ಸೋರಿದರೂ 2.6 ಆಂಪಿಯರ್-ಗಂಟೆಯ ಬ್ಯಾಟರಿ 108 ದಿನದಲ್ಲಿ ಬರಿದು. ಸೋರಿಕೆಯನ್ನು ಮೈಕ್ರೋಆಂಪಿಯರಿನಲ್ಲಿ ಅಳೆದು ಬರೆದಿಡಿ.

ಬಿಡಿಭಾಗ ಕೊಳ್ಳುವಾಗ: ಎಲೆಕ್ಟ್ರೊಲೈಟಿಕ್ ಕೆಪಾಸಿಟರ್ ಬೇಡ, ಟ್ಯಾಂಟಲಮ್ ಇದ್ದರೆ ನಮೂದಿತ ವೋಲ್ಟೇಜಿನ ಅರ್ಧಕ್ಕೆ ಬಳಸಿ. ಅಂಟು, ಪ್ಲಾಸ್ಟಿಕ್, ತಂತಿಯ ಹೊದಿಕೆಗಳು ನಿರ್ವಾತದಲ್ಲಿ ಕಳೆದುಕೊಳ್ಳುವ ತೂಕ ನೂರಕ್ಕೆ 1ಕ್ಕಿಂತ, ಬೇರೆಡೆ ಹೋಗಿ ಕೂರುವ ಆವಿ ನೂರಕ್ಕೆ 0.1ಕ್ಕಿಂತ ಕಡಿಮೆ ಇರಬೇಕು. ಪ್ರತಿ ಸ್ಕ್ರೂವಿಗೂ ಬಿಗಿತದ ಅಳತೆ ಬರೆದು, ಅಂಟು ಹಾಕಿ.

ಪರೀಕ್ಷೆಗೆ ಆರು ತಿಂಗಳು ಮೀಸಲಿಡಿ. ಕಂಪನದ ಮಟ್ಟವನ್ನು ರಾಕೆಟ್ಟಿನವರು ಕೊಡುತ್ತಾರೆ. ಯಾವ ರಾಕೆಟ್ ಎಂದು ಗೊತ್ತಿಲ್ಲದಿದ್ದರೆ ನಾಸಾದ ಸಾಮಾನ್ಯ ಮಾನಕದ 14.1 ಜಿ ಆರ್‌ಎಂಎಸ್ (ಕಂಪನದ ತೀವ್ರತೆಯ ಅಳತೆ) ಮಟ್ಟದಲ್ಲಿ ಇಂಜಿನಿಯರಿಂಗ್ ಮಾದರಿಯನ್ನು ಅಲುಗಾಡಿಸಿ, ಹಾರುವುದನ್ನಲ್ಲ. ಬಾಹ್ಯಾಕಾಶ ನಿಲ್ದಾಣದಿಂದ ಬಿಡುವುದಾದರೆ ಬ್ಯಾಟರಿಯ ಸುರಕ್ಷತಾ ದಾಖಲೆಗಳೇ ತಿಂಗಳುಗಟ್ಟಲೆ ಹಿಡಿಯುತ್ತವೆ, ಮನುಷ್ಯರಿರುವ ಜಾಗವದು. ಇವೆಲ್ಲಕ್ಕಿಂತ ಅಗ್ಗದ, ಎಲ್ಲರೂ ಬಿಟ್ಟುಬಿಡುವ ಪರೀಕ್ಷೆ ಒಂದಿದೆ: ಉಪಗ್ರಹವನ್ನು ಪೂರ್ತಿ ಜೋಡಿಸಿ, ಸೌರಫಲಕದ ಬದಲು 57 ನಿಮಿಷ ವಿದ್ಯುತ್ ಕೊಟ್ಟು 36 ನಿಮಿಷ ಕಡಿದು, ಎರಡು ವಾರ ಮುಟ್ಟದೆ ಓಡಿಸುವುದು. ಮಾತೆಲ್ಲ ರೇಡಿಯೋ ಮೂಲಕವೇ. ಹನ್ನೊಂದನೇ ದಿನ ಮೆಮೊರಿ ತುಂಬಿ ನಿಲ್ಲುವ ಸಾಫ್ಟ್‌ವೇರ್ ಮೇಜಿನ ಮೇಲಿನ ಎರಡು ಗಂಟೆಯ ಪರೀಕ್ಷೆಯಲ್ಲಿ ಸಿಕ್ಕಿಬೀಳುವುದಿಲ್ಲ.

ಭೂಕೇಂದ್ರ ಮೊದಲು, ಉಪಗ್ರಹ ಆಮೇಲೆ

ಬೇರೆಯವರ ಉಪಗ್ರಹಗಳನ್ನು ಹಿಡಿಯುತ್ತ ಆರು ತಿಂಗಳು ಕಳೆದ ಭೂಕೇಂದ್ರ ನಿಮ್ಮದನ್ನೂ ಹಿಡಿಯುತ್ತದೆ. ಎರಡು ಅಕ್ಷದಲ್ಲಿ ತಿರುಗುವ, ಹಳೆಯ ಟಿವಿ ಆಂಟೆನಾದಂಥ ಯಾಗಿ ಆಂಟೆನಾ, ಅದರ ಬುಡದಲ್ಲೇ ಕಡಿಮೆ ಸದ್ದಿನ ಆಂಪ್ಲಿಫೈಯರ್, ಕಂಪ್ಯೂಟರಿಗೆ ಜೋಡಿಸುವ ಸಾಫ್ಟ್‌ವೇರ್ ರೇಡಿಯೋ ಇದ್ದರೆ ಸಾಕು. ನಿಲ್ದಾಣದ ಎತ್ತರದ ಉಪಗ್ರಹ ದಿಗಂತದ ಬಳಿ 1,800 ಕಿಲೋಮೀಟರ್ ದೂರದಲ್ಲಿದ್ದಾಗ ಸಂಕೇತ ನೆತ್ತಿಯ ಮೇಲಿರುವಾಗಿನದಕ್ಕಿಂತ 20 ಪಟ್ಟು ಕ್ಷೀಣ. 437 ಮೆಗಾಹರ್ಟ್ಸಿನಲ್ಲಿ ಡಾಪ್ಲರ್ ಪಲ್ಲಟ, ಅಂದರೆ ಉಪಗ್ರಹದ ವೇಗದಿಂದ ತರಂಗಾಂತರ ಸರಿಯುವುದು, ಆಚೆ-ಈಚೆ 10 ಕಿಲೋಹರ್ಟ್ಸ್. ಸರಿಪಡಿಸದಿದ್ದರೆ ಆಜ್ಞೆ ಮುಟ್ಟುವುದಿಲ್ಲ.

ಒಂದೇ ದಿನ ಹಲವು ಉಪಗ್ರಹಗಳು ಹೊರಬಂದಾಗ ಯಾವ ಚುಕ್ಕಿ ಯಾರದೆಂದು ತಿಳಿಯಲು ದಿನಗಳು, ಕೆಲವೊಮ್ಮೆ ವಾರಗಳೇ ಬೇಕು. ಬೀಕನ್‌ನ ತರಂಗಾಂತರ ಮತ್ತು ಓದುವ ವಿಧಾನವನ್ನು ಉಡಾವಣೆಗೆ ಒಂದು ತಿಂಗಳ ಮುಂಚೆ ಪ್ರಕಟಿಸಿ. ಭೂಕೇಂದ್ರಗಳನ್ನು ಹಂಚಿಕೊಳ್ಳುವ ಸ್ಯಾಟ್‌ನಾಗ್ಸ್ ಜಾಲದ ಹವ್ಯಾಸಿಗಳು ನಿಮಗಿಂತ ಮೊದಲೇ ಕೇಳಿಸಿಕೊಂಡಾರು. ಬೀಕನ್‌ನಲ್ಲಿ ಬ್ಯಾಟರಿ ವೋಲ್ಟೇಜ್, ಉಷ್ಣತೆ, ಎಷ್ಟು ಸಲ ರೀಸೆಟ್ ಆಯಿತು, ಆಂಟೆನಾ ಬಿಚ್ಚಿತೇ ಎಂಬ ನಾಲ್ಕು ಸಂಗತಿ ಇರಲಿ. ಉಪಗ್ರಹ ಮೊದಲ ಸಲ ಹಾದುಹೋಗುವಾಗ ಸುಮ್ಮನೆ ಕೇಳಿ. ಎರಡು ದಿನ ಏನೂ ಕೇಳದಿದ್ದರೆ ಕುರುಡಾಗಿಯೇ ಆಂಟೆನಾ ಸುಡುವ ಆಜ್ಞೆ ಕಳಿಸಲು ಶುರು ಮಾಡಿ.

ಸ್ವಂತ ರಾಕೆಟ್ ಯಾಕೆ ಬೇಡ

ಕಕ್ಷೆಯ ವೇಗ ಸೆಕೆಂಡಿಗೆ 7.7 ಕಿಲೋಮೀಟರ್, ಗಾಳಿ ಮತ್ತು ಗುರುತ್ವದ ನಷ್ಟ ಸೇರಿ ರಾಕೆಟ್ 9 ಕಿಲೋಮೀಟರಿಗೂ ಹೆಚ್ಚು ಗಳಿಸಬೇಕು. ಸಮಭಾಜಕದ ಮೇಲಿರುವುದರಿಂದ ಸಿಗುವ ಉಡುಗೊರೆ 0.46 ಕಿಲೋಮೀಟರ್ ಮಾತ್ರ. ಭೂಗೋಳದ ಅನುಕೂಲ ಅಂದರೆ ಜಾಗ ಬಾಡಿಗೆಗೆ ಕೊಡುವ ಅನುಕೂಲ: ಇಟಲಿ ಕೀನ್ಯಾದ ಕರಾವಳಿಯ ಸಾನ್ ಮಾರ್ಕೋ ವೇದಿಕೆಯಿಂದ 1967ರಿಂದ 1988ರವರೆಗೆ ಉಪಗ್ರಹಗಳನ್ನು ಹಾರಿಸಿತು, ಕೀನ್ಯಾದ ಮೊದಲ ಸ್ವಂತ ಉಪಗ್ರಹ ಕಕ್ಷೆಗೆ ಬಂದದ್ದು 2018ರಲ್ಲಿ. ಬ್ರೆಜಿಲ್‌ನ ಅಲ್ಕಾಂತರಾದಲ್ಲಿ 2003ರ ಆಗಸ್ಟ್ 22ರಂದು ಉಡಾವಣಾ ವೇದಿಕೆಯಲ್ಲೇ ರಾಕೆಟ್ ಹೊತ್ತಿ 21 ಮಂದಿ ಸತ್ತರು. ಜೊತೆಗೆ, ಉಪಗ್ರಹ ರಾಕೆಟ್ಟಿನ ತಂತ್ರಜ್ಞಾನವೇ ಕ್ಷಿಪಣಿಯದೂ ಆದ್ದರಿಂದ 1987ರ ಕ್ಷಿಪಣಿ ತಂತ್ರಜ್ಞಾನ ನಿಯಂತ್ರಣ ವ್ಯವಸ್ಥೆಯ ದೇಶಗಳು ಭಾಗಗಳನ್ನು ಸುಲಭಕ್ಕೆ ಮಾರುವುದಿಲ್ಲ.

ಹಾರಿದ ಮೇಲೆ

ನಿಲ್ದಾಣದ ಎತ್ತರದಿಂದ ಬಿಟ್ಟ ಒಂದು ಯೂನಿಟ್ ವರ್ಷದ ಆಸುಪಾಸಿನಲ್ಲಿ ತಾನಾಗಿ ಇಳಿದು ಉರಿದುಹೋಗುತ್ತದೆ. ಸೂರ್ಯನ ಚಟುವಟಿಕೆ ಹೆಚ್ಚಿದ್ದರೆ ಇನ್ನೂ ಬೇಗ. ಆ ಹೊತ್ತಿಗೆ ಎರಡನೆಯದರ ವಿನ್ಯಾಸ ಮುಗಿದಿರಬೇಕು, ಅದರ ಐಟಿಯು ಅರ್ಜಿ ಹೋಗಿರಬೇಕು. ತಂಡದವರ ಸಂಬಳಕ್ಕೆ ಹಣ ಮೊದಲ ಉಪಗ್ರಹದ ಬಜೆಟ್ಟಿನಲ್ಲೇ ಮೂರು ವರ್ಷಕ್ಕೆ ಎತ್ತಿಟ್ಟಿರಬೇಕು. ಉಡಾವಣೆಯ ಸಮಾರಂಭ ಮುಗಿದ ಮೇಲೆ ಕೇಳಿದರೆ ಹುಟ್ಟುವುದಿಲ್ಲ. ಇಂಜಿನಿಯರಿಂಗ್ ಮಾದರಿಯನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟು ಪ್ರದರ್ಶನಕ್ಕೆ ಕಳಿಸಬೇಡಿ, ಪ್ರಯೋಗಾಲಯದಲ್ಲಿ ಓಡುತ್ತಲೇ ಇರಲಿ.

ಕಕ್ಷೆಗೆ ಸೇರಿದ ಕೂಡಲೇ ರಾಷ್ಟ್ರೀಯ ನೋಂದಣಿ ಪುಸ್ತಕದಲ್ಲಿ ದಾಖಲಿಸಿ, ಉಡಾವಣೆಯ ದಿನ ಮತ್ತು ಸ್ಥಳ, ಸುತ್ತಿನ ಅವಧಿ, ಕಕ್ಷೆಯ ಓರೆ, ಅತಿ ದೂರ-ಅತಿ ಹತ್ತಿರದ ಎತ್ತರ, ಉದ್ದೇಶ ಇಷ್ಟನ್ನೂ ವಿಶ್ವಸಂಸ್ಥೆಯ ಮಹಾ ಕಾರ್ಯದರ್ಶಿಗೆ ತಿಳಿಸಬೇಕು. ಉರಿದುಹೋದ ದಿನ ಅದನ್ನೂ ತಿಳಿಸಿ, ಐಟಿಯುವಿನಲ್ಲಿರುವ ತರಂಗಾಂತರದ ದಾಖಲೆಯನ್ನು ಇಟ್ಟುಕೊಳ್ಳಬೇಕೋ ಬಿಡಬೇಕೋ ಎಂದು ಅದೇ ವಾರ ತೀರ್ಮಾನಿಸಿ.